ಹಳೆಯ ಗಣಕಯಂತ್ರ ಚಾಲನೆಯಾಗದಿದ್ದಲ್ಲಿ: ವಿದ್ಯುತ್ ಪೂರೈಕೆ ಘಟಕದ ಪರಿಶೀಲನೆ

ಚಳ್ಳಕೆರೆ ತಾಲ್ಲೂಕಿನ ಕುದಾಪುರ ಹಾಗೂ ಸುತ್ತಲಿನ ಗ್ರಾಮಗಳ ಅರ್ಜಿದಾರರು ಸೇವಾ ಸಿಂಧು ಪೋರ್ಟಲ್ ಮೂಲಕ ಮನೆಯಿಂದಲೇ ಅರ್ಜಿ ಸಲ್ಲಿಸಬಹುದಾಗಿದೆ. ಹಳೆಯ ಗಣಕಯಂತ್ರವು ಚಾಲನೆಯಾಗದಿದ್ದಲ್ಲಿ ಅದರಲ್ಲಿನ ದಾಖಲೆಗಳು ನಾಶವಾದವೆಂದು ಭಾವಿಸಬೇಕಾಗಿಲ್ಲ. ದಾಖಲೆಗಳು ಹಾರ್ಡ್ ಡಿಸ್ಕ್‌ನಲ್ಲಿರುತ್ತವೆ; ದೋಷವು ಅನೇಕ ವೇಳೆ ಎಸ್.ಎಂ.ಪಿ.ಎಸ್. ಎಂಬ ವಿದ್ಯುತ್ ಪೂರೈಕೆ ಘಟಕದಲ್ಲಿ ಮಾತ್ರ ಇರುತ್ತದೆ.

ಈ ಘಟಕವು 230 ವೋಲ್ಟ್ ಪರ್ಯಾಯ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟ್‌ಗಳ ನೇರ ವಿದ್ಯುತ್ತಾಗಿ ಪರಿವರ್ತಿಸುತ್ತದೆ. ಧೂಳು ತುಂಬಿ ಫ್ಯಾನ್ ನಿಂತಲ್ಲಿ ಘಟಕವು ಅತಿಯಾಗಿ ಕಾದು, ಒಳಗಿನ ಕೆಪಾಸಿಟರ್‌ಗಳು ಉಬ್ಬಿ ಕೆಡುತ್ತವೆ.

ಪರಿಶೀಲನಾ ಕ್ರಮ:

1. ಅದೇ ಪ್ಲಗ್ ಪಾಯಿಂಟ್‌ಗೆ ಟೇಬಲ್ ದೀಪವನ್ನು ಜೋಡಿಸಿ ವಿದ್ಯುತ್ ಇರುವುದನ್ನು ಖಚಿತಪಡಿಸಿಕೊಳ್ಳುವುದು.

2. ಬೇರೊಂದು ಪವರ್ ಕೇಬಲ್ ಬಳಸಿ ನೋಡುವುದು. ಘಟಕದ ಹಿಂಬದಿಯಲ್ಲಿ ವೋಲ್ಟೇಜ್ ಆಯ್ಕೆಯ ಸ್ವಿಚ್ ಇದ್ದಲ್ಲಿ ಅದು 230ರಲ್ಲಿರತಕ್ಕದ್ದು. 115ರಲ್ಲಿದ್ದರೆ ಘಟಕವು ಸುಟ್ಟುಹೋಗುತ್ತದೆ.

3. ಸುಟ್ಟ ವಾಸನೆ ಬಂದಲ್ಲಿ ಕೂಡಲೇ ಪ್ಲಗ್ ತೆಗೆಯುವುದು.

4. ತಂತ್ರಜ್ಞರಿಂದ ಮಲ್ಟಿಮೀಟರ್ ಪರೀಕ್ಷೆ ಮಾಡಿಸುವುದು. 12 ವೋಲ್ಟ್ ಮಾರ್ಗವು 11.4ರಿಂದ 12.6ರೊಳಗೆ, 5 ವೋಲ್ಟ್ ಮಾರ್ಗವು 4.75ರಿಂದ 5.25ರೊಳಗೆ ಇರತಕ್ಕದ್ದು. ಇಲ್ಲವಾದಲ್ಲಿ ಘಟಕವನ್ನು ಮಾತ್ರ ಬದಲಾಯಿಸಿದರೆ ಸಾಕು. ಸರಿಯಿದ್ದಲ್ಲಿ ಮದರ್‌ಬೋರ್ಡ್ ಅಥವಾ ಪವರ್ ಬಟನ್ ಪರಿಶೀಲಿಸಬೇಕು.

ಎಚ್ಚರಿಕೆ: ಪ್ಲಗ್ ತೆಗೆದ ನಂತರವೂ ಕೆಪಾಸಿಟರ್‌ಗಳಲ್ಲಿ ಪ್ರಾಣಾಪಾಯಕಾರಿ ವಿದ್ಯುತ್ ಉಳಿದಿರುವ ಸಾಧ್ಯತೆಯಿದೆ. ಆದ್ದರಿಂದ ಸಾರ್ವಜನಿಕರು ಎಸ್.ಎಂ.ಪಿ.ಎಸ್. ಪೆಟ್ಟಿಗೆಯನ್ನು ಯಾವುದೇ ಕಾರಣಕ್ಕೂ ತೆರೆಯತಕ್ಕದ್ದಲ್ಲ.

ಅರ್ಜಿಯ ಕೊನೆಯ ದಿನಾಂಕ ಸಮೀಪಿಸಿದ್ದಲ್ಲಿ ದುರಸ್ತಿಗಾಗಿ ಕಾಯದೆ, ಮೂಲ ದಾಖಲೆಗಳೊಂದಿಗೆ ಸಮೀಪದ ಗ್ರಾಮ ಒನ್ ಕೇಂದ್ರದಲ್ಲಿ ಅರ್ಜಿ ಸಲ್ಲಿಸಲು ಕೋರಿದೆ.