ಮಳೆಗೆ ಮಾತ್ರ ಬರುವ ‘ಮಿಸ್ಸಿಂಗ್’

ಅಮ್ಮನನ್ನು ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ಯಲು ಬದಿಯಡ್ಕದಿಂದ ಹೊರಟ ನಮ್ಮ ಹಳೆಯ ಪೆಟ್ರೋಲ್ ಕಾರು ಕುಂಬಳೆ ತಲಪುವ ಮೊದಲೇ ಮಿಸ್ಸಿಂಗ್ ಹೊಡೆಯತೊಡಗಿತು. ಬಿಸಿಲು ಬಂದರೆ ಸರಿ, ಮಳೆ ಬಂದರೆ ಮತ್ತೆ ಅದೇ ರಾಗ. ಮೂರು ಬಾರಿ ಕಾರ್ಬ್ಯುರೇಟರ್ ತೊಳೆಸಿ, ಪ್ಲಗ್ಗುಗಳನ್ನೂ ಬದಲಿಸಿದ್ದಾಯಿತು. ಹಣ ಹೋಯಿತೇ ಹೊರತು ರೋಗ ಹೋಗಲಿಲ್ಲ.

“ಮಳೆಗೆ ಮಾತ್ರವಾ ಮಾಷ್ಟ್ರೇ?” ಎಂದು ಮೊದಲಾಗಿ ಕೇಳಿದವರು ಒಬ್ಬ ಹಿರಿಯ ಮೆಕ್ಯಾನಿಕ್. ಅಲ್ಲಿಯವರೆಗೆ ಗ್ಯಾರೇಜಿಗೆ ನಾವು ಕಾರು ಒಯ್ಯುತ್ತಿದ್ದದ್ದೆಲ್ಲ ಬಿಸಿಲಿನಲ್ಲೇ!

ಅವರು ಇಗ್ನಿಷನ್ ಭಾಗಗಳ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದರು. ರೋಗ ಹಾಜರು. ರಬ್ಬರ್ ಕೈಗವಸು ತೊಟ್ಟು ಪ್ಲಗ್ಗಿನ ವಯರುಗಳನ್ನು ಒಂದೊಂದಾಗಿ ಕಳಚಿದರು. (ಈಗಿನ ಎಲೆಕ್ಟ್ರಾನಿಕ್ ಕಾರುಗಳಲ್ಲಿ ಹೀಗೆ ಮಾಡಬಾರದು, ಅವುಗಳಿಗೆ ಸ್ಕ್ಯಾನರ್ ಇದೆ.) ಮೂರನೆಯದನ್ನು ಕಳಚಿದಾಗ ಮಾತ್ರ ಸದ್ದು ಬದಲಾಗಲಿಲ್ಲ. ಅಂದರೆ ಆ ಸಿಲಿಂಡರ್ ಮೊದಲೇ ಸತ್ತಿತ್ತು. ಅದರ ಪ್ಲಗ್ಗನ್ನು ಒಂದನೆಯದಕ್ಕೆ ಹಾಕಿ ನೋಡಿದರು, ದೋಷ ಜೊತೆಗೆ ಹೋಗಲಿಲ್ಲ. ವಯರು ಬದಲಿಸಿದರೂ ಅಷ್ಟೆ. ಉಳಿದದ್ದು ಡಿಸ್ಟ್ರಿಬ್ಯೂಟರ್ ಕ್ಯಾಪು. ಬೆಳಕಿಗೆ ಹಿಡಿದರೆ ಒಳಗೆ ಕೂದಲೆಳೆಯಂತಹ ಬಿರುಕು, ಉದ್ದಕ್ಕೂ ಕರಿಗೆರೆ. ತೇವ ತಗಲಿದೊಡನೆ ಸಾವಿರಾರು ವೋಲ್ಟಿನ ವಿದ್ಯುತ್ತು ಪ್ಲಗ್ಗಿಗೆ ಹೋಗದೆ ಆ ಗೆರೆ ಹಿಡಿದು ಎಂಜಿನಿನ ಮೈಗೆ ಸೋರುತ್ತಿತ್ತು. ಪಾಪ, ಕಾರ್ಬ್ಯುರೇಟರ್ ನಿರಪರಾಧಿ.

ಹೊಸ ಕ್ಯಾಪು ಹಾಕಿ, 1-3-4-2 ಕ್ರಮದಲ್ಲಿ ವಯರು ಜೋಡಿಸಿದರು. ಮರುವಾರ ಸುರಿಮಳೆಯಲ್ಲೇ ಅಮ್ಮನನ್ನು ಕರೆದೊಯ್ದೆವು. ಉಪ್ಪಳದಲ್ಲಿ ನಿಲ್ಲಿಸಿದ್ದು ಚಹಾ ಕುಡಿಯಲು.