ತಾಯಿಯ ರಜೆ ಮುಗಿಯುವ ಮುನ್ನ: ಶಿಶುಪಾಲನಾ ಕೇಂದ್ರಕ್ಕೆ ಸಿದ್ಧತೆ ಮತ್ತು ವೆಚ್ಚದ ಲೆಕ್ಕ

ಹೆರಿಗೆಗೆಂದು ಮಗಳನ್ನು ತವರಿಗೆ ಕರೆತಂದು, ಬಾಣಂತನ ಮುಗಿಸಿ, ತೊಟ್ಟಿಲ ಶಾಸ್ತ್ರ ನಡೆಸಿ, ಕೆಲವು ತಿಂಗಳ ತರುವಾಯ ತಾಯಿ ಮಗುವನ್ನು ಗಂಡನ ಮನೆಗೆ ಕಳುಹಿಸಿಕೊಡುವುದು ಕನ್ನಡ ಕುಟುಂಬಗಳಲ್ಲಿ ಬಹುಕಾಲದಿಂದ ನಡೆದುಬಂದ ವಾಡಿಕೆ. ಹಿಂದೆ ಗಂಡನ ಮನೆಯಲ್ಲಿಯೂ ಅತ್ತೆ, ನಾದಿನಿ, ನೆಗೆಣ್ಣಿಯರು ಇರುತ್ತಿದ್ದುದರಿಂದ ಮಗುವನ್ನು ಯಾರು ನೋಡಿಕೊಳ್ಳಬೇಕೆಂಬ ಪ್ರಶ್ನೆ ಏಳುತ್ತಿರಲಿಲ್ಲ. ಉದ್ಯೋಗಕ್ಕಾಗಿ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು ಅಥವಾ ದೆಹಲಿಯಲ್ಲಿ ನೆಲೆಸಿರುವ ದಂಪತಿಗಳ ಸ್ಥಿತಿ ಬೇರೆ. ಅಜ್ಜಿ ತಾತಂದಿರು ಧಾರವಾಡದಲ್ಲಿಯೋ ಉಡುಪಿಯಲ್ಲಿಯೋ ಇರುತ್ತಾರೆ. ಅವರು ಬಂದು ಎರಡು ಮೂರು ತಿಂಗಳು ಇರಬಲ್ಲರೇ ಹೊರತು ವರ್ಷಗಟ್ಟಲೆ ಇರುವುದು ಎಲ್ಲರಿಗೂ ಸಾಧ್ಯವಾಗದು. ತಾಯಿಯ ರಜೆ ಮುಗಿಯುವ ದಿನ ಸಮೀಪಿಸಿದಂತೆ ಮನೆಯಲ್ಲಿ ಆತಂಕ ಬೆಳೆಯುತ್ತದೆ. ಸಿದ್ಧತೆ ಇಲ್ಲದ ಅನೇಕ ಕುಟುಂಬಗಳಲ್ಲಿ ಈ ಆತಂಕವು ತಾಯಿಯ ರಾಜೀನಾಮೆಯಲ್ಲಿ ಕೊನೆಗೊಳ್ಳುತ್ತದೆ.

ಈ ಪರಿಸ್ಥಿತಿಯನ್ನು ತಪ್ಪಿಸಲು ಎರಡು ಕಾರ್ಯಗಳು ಅವಶ್ಯ. ಶಿಶುಪಾಲನೆಯ ಏರ್ಪಾಡನ್ನು ಗರ್ಭಾವಸ್ಥೆಯಲ್ಲಿಯೇ ಆರಂಭಿಸುವುದು ಮೊದಲನೆಯದು. ಅದರ ವೆಚ್ಚವನ್ನು ತಾಯಿಯ ಸಂಬಳದ ಖರ್ಚೆಂದು ಭಾವಿಸದೆ ಇಡೀ ಕುಟುಂಬದ ಖರ್ಚೆಂದು ಲೆಕ್ಕ ಹಾಕುವುದು ಎರಡನೆಯದು.

ರಜೆಯ ಲೆಕ್ಕ

1961ರ ಹೆರಿಗೆ ಸೌಲಭ್ಯ ಅಧಿನಿಯಮಕ್ಕೆ 2017ರಲ್ಲಿ ತಂದ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳ ಹೆರಿಗೆಗೆ ವೇತನಸಹಿತ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಹೆಚ್ಚಿಸಲಾಯಿತು. ಈ ಉಪಬಂಧಗಳು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿವೆ. ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. 26 ವಾರಗಳ ಪೈಕಿ ಗರಿಷ್ಠ 8 ವಾರಗಳನ್ನು ಹೆರಿಗೆಗೆ ಮುಂಚೆ ಪಡೆಯಬಹುದು.

ಇಲ್ಲಿ ಪಾಲಕರು ಗಮನಿಸಬೇಕಾದ ಒಂದು ಅಂಶವಿದೆ. ಹೆರಿಗೆಗೆ ಮುಂಚೆ 8 ವಾರ ರಜೆ ಪಡೆದ ತಾಯಿ ಕೆಲಸಕ್ಕೆ ಮರಳುವಾಗ ಮಗುವಿಗೆ ಕೇವಲ 18 ವಾರ, ಅಂದರೆ ನಾಲ್ಕು ತಿಂಗಳಿಗೆ ತುಸು ಹೆಚ್ಚು ತುಂಬಿರುತ್ತದೆ. ಆದರೆ ಆರು ತಿಂಗಳು ತುಂಬುವವರೆಗೆ ಮಗುವಿಗೆ ತಾಯಿಯ ಹಾಲನ್ನು ಮಾತ್ರ ಕೊಡಬೇಕೆಂಬುದು ವೈದ್ಯರ ಸಲಹೆ. ಸರ್ಕಾರದ ‘ಪಾಲನಾ’ ಯೋಜನೆಯ ಕೇಂದ್ರಗಳು ಮಗುವನ್ನು ಸೇರಿಸಿಕೊಳ್ಳುವುದೂ ಆರು ತಿಂಗಳ ಬಳಿಕವೇ. ಹೀಗೆ ರಜೆ ಮುಗಿಯುವುದಕ್ಕೂ ಮಗು ಕೇಂದ್ರಕ್ಕೆ ಹೋಗುವ ವಯಸ್ಸಾಗುವುದಕ್ಕೂ ನಡುವೆ ಸುಮಾರು ಎಂಟು ವಾರಗಳ ಅಂತರ ಉಳಿಯುತ್ತದೆ. ಆರೋಗ್ಯ ಅನುಮತಿಸಿದರೆ ಹೆರಿಗೆಗೆ ಮುಂಚಿನ ರಜೆಯನ್ನು ಕಡಿಮೆ ಮಾಡಿ ಹೆರಿಗೆಯ ನಂತರಕ್ಕೆ ಹೆಚ್ಚು ಉಳಿಸಿಕೊಳ್ಳುವುದು ಒಂದು ಮಾರ್ಗ. ಗಳಿಕೆ ರಜೆಯನ್ನು ಜೋಡಿಸಿಕೊಳ್ಳುವುದು, ತಂದೆಯೂ ತನ್ನ ರಜೆಯನ್ನು ಈ ಅವಧಿಗೆ ಮೀಸಲಿಡುವುದು, ಅಜ್ಜಿಯನ್ನು ಬಾಣಂತನದ ಕಾಲಕ್ಕಿಂತ ಈ ಎಂಟು ವಾರಗಳಿಗೆ ಕರೆಸಿಕೊಳ್ಳುವುದು ಇತರ ಮಾರ್ಗಗಳು.

ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ 180 ದಿನಗಳ ಹೆರಿಗೆ ರಜೆಯಲ್ಲದೆ, 2008ರಿಂದ ಶಿಶುಪಾಲನಾ ರಜೆಯ ಸೌಲಭ್ಯವೂ ಇದೆ. ಹಿರಿಯ ಇಬ್ಬರು ಮಕ್ಕಳ ಪಾಲನೆಗಾಗಿ ಸೇವಾವಧಿಯಲ್ಲಿ ಒಟ್ಟು 730 ದಿನಗಳವರೆಗೆ ಇದನ್ನು ಪಡೆಯಬಹುದು. ಮೊದಲ 365 ದಿನಗಳಿಗೆ ಪೂರ್ಣ ವೇತನವೂ ಮುಂದಿನ 365 ದಿನಗಳಿಗೆ ಶೇಕಡಾ 80ರಷ್ಟು ವೇತನವೂ ದೊರೆಯುತ್ತದೆ. ಒಂಟಿಯಾಗಿ ಮಗುವನ್ನು ಸಾಕುತ್ತಿರುವ ಪುರುಷ ನೌಕರರಿಗೂ ಈ ಸೌಲಭ್ಯ ಅನ್ವಯಿಸುತ್ತದೆ. ತಂದೆಗೆ ಹೆರಿಗೆಯ ಸಂದರ್ಭದಲ್ಲಿ 15 ದಿನಗಳ ಪಿತೃತ್ವ ರಜೆ ಇದೆ.

ಕೇಂದ್ರಗಳು ಎಲ್ಲೆಲ್ಲಿ ಲಭ್ಯ

ದುಡಿಯುವ ತಾಯಂದಿರ ಮಕ್ಕಳಿಗೆ ನೆರಳು ಒದಗಿಸುವ ಯತ್ನ ನಮ್ಮ ದೇಶದಲ್ಲಿ ಹೊಸತಲ್ಲ. 1948ರ ಕಾರ್ಖಾನೆಗಳ ಅಧಿನಿಯಮವು ನಿಗದಿತ ಸಂಖ್ಯೆಗಿಂತ ಹೆಚ್ಚು ಮಹಿಳಾ ಕಾರ್ಮಿಕರಿರುವ ಕಾರ್ಖಾನೆಗಳಲ್ಲಿ ಶಿಶುಪಾಲನಾ ಕೊಠಡಿಯನ್ನು ಕಡ್ಡಾಯಗೊಳಿಸಿತ್ತು. 1969ರಲ್ಲಿ ದೆಹಲಿಯಲ್ಲಿ ಮೀರಾ ಮಹಾದೇವನ್ ಅವರು ಕಟ್ಟಡ ಕಾರ್ಮಿಕರ ಮಕ್ಕಳಿಗಾಗಿ ಕಾಮಗಾರಿಯ ಸ್ಥಳದಲ್ಲಿಯೇ ‘ಮೊಬೈಲ್ ಕ್ರೆಷ್’ ಆರಂಭಿಸಿದರು. 2006ರಲ್ಲಿ ಆರಂಭವಾದ ರಾಜೀವ್ ಗಾಂಧಿ ರಾಷ್ಟ್ರೀಯ ಶಿಶುಪಾಲನಾ ಯೋಜನೆಯು 2017ರಲ್ಲಿ ರಾಷ್ಟ್ರೀಯ ಶಿಶುಪಾಲನಾ ಯೋಜನೆಯಾಗಿ, 2022ರಿಂದ ‘ಮಿಷನ್ ಶಕ್ತಿ’ಯ ಅಡಿಯಲ್ಲಿ ‘ಪಾಲನಾ’ ಎಂಬ ಹೆಸರಿನಿಂದ ಮುಂದುವರಿದಿದೆ. ಇದರ ಒಂದು ಅಂಗವಾಗಿ ಅಂಗನವಾಡಿಗಳಲ್ಲಿಯೇ ಶಿಶುಪಾಲನಾ ಕೇಂದ್ರಗಳನ್ನು ನಡೆಸಲಾಗುತ್ತಿದೆ. ಆರು ತಿಂಗಳಿಂದ ಆರು ವರ್ಷದ ಮಕ್ಕಳಿಗೆ ಇಲ್ಲಿ ನಿದ್ರೆ, ಪೂರಕ ಆಹಾರ, ಆಟಪಾಠ ಹಾಗೂ ಆರೋಗ್ಯ ತಪಾಸಣೆಯ ಸೌಲಭ್ಯವಿರುತ್ತದೆ. ಕರ್ನಾಟಕ ಸರ್ಕಾರವು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಇಂಥದೇ ಉದ್ದೇಶದಿಂದ ‘ಕೂಸಿನ ಮನೆ’ಗಳನ್ನು ಸ್ಥಾಪಿಸಿದೆ.

ಮುಂಬಯಿ, ಪುಣೆಗಳಲ್ಲಿ ನೆಲೆಸಿದವರು ನೆರೆಹೊರೆಯವರಲ್ಲಿ ‘ಪಾಳಣಾಘರ’ ಎಲ್ಲಿದೆಯೆಂದು ಕೇಳಿದರೆ ಬೇಗ ಉತ್ತರ ದೊರೆಯುತ್ತದೆ. ಮರಾಠಿಯಲ್ಲಿ ‘ಪಾಳಣಾ’ ಎಂದರೆ ತೊಟ್ಟಿಲು.

ಉದ್ಯೋಗದ ಸ್ಥಳದಲ್ಲಿ ದೊರೆಯಬೇಕಾದ ಸೌಲಭ್ಯದ ಬಗ್ಗೆಯೂ ತಿಳಿದಿರುವುದು ಒಳಿತು. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಯು ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಮಾಡತಕ್ಕದ್ದು. ಈ 50ರ ಸಂಖ್ಯೆಯಲ್ಲಿ ಮಹಿಳೆಯರು ಮಾತ್ರವಲ್ಲ, ಪುರುಷ ನೌಕರರೂ ಸೇರುತ್ತಾರೆ. ಆದ್ದರಿಂದ ‘ನಮ್ಮಲ್ಲಿ ಹೆಂಗಸರು ನಾಲ್ಕೇ ಮಂದಿ’ ಎಂಬ ಉತ್ತರ ನ್ಯಾಯಸಮ್ಮತವಾಗದು. ಕೆಲವು ಸಂಸ್ಥೆಗಳು ಒಟ್ಟುಗೂಡಿ ಒಂದೇ ಕೇಂದ್ರವನ್ನು ನಡೆಸಲು ಅವಕಾಶವಿದೆ. ತಾಯಿಗೆ ದಿನಕ್ಕೆ ನಾಲ್ಕು ಬಾರಿ, ವಿಶ್ರಾಂತಿಯ ವೇಳೆಯೂ ಸೇರಿದಂತೆ, ಮಗುವನ್ನು ನೋಡಿಬರಲು ಉದ್ಯೋಗದಾತರು ಅನುಮತಿ ನೀಡಬೇಕು. ಈ ಕುರಿತು ರಜೆಗೆ ಹೋಗುವ ಮುನ್ನವೇ ಕಚೇರಿಯಲ್ಲಿ ಲಿಖಿತವಾಗಿ ವಿಚಾರಿಸುವುದು ಸೂಕ್ತ.

ವೆಚ್ಚ ಯಾರ ಲೆಕ್ಕಕ್ಕೆ?

ಖಾಸಗಿ ಕೇಂದ್ರಗಳ ಶುಲ್ಕ ಊರಿಂದ ಊರಿಗೆ, ಬಡಾವಣೆಯಿಂದ ಬಡಾವಣೆಗೆ ಬೇರೆಯಾಗಿರುತ್ತದೆ. ಮಾಸಿಕ ಶುಲ್ಕವನ್ನಷ್ಟೇ ಕೇಳಿ ತೀರ್ಮಾನಿಸಬಾರದು. ನೋಂದಣಿ ಶುಲ್ಕ, ಠೇವಣಿ, ಊಟ ತಿಂಡಿ, ಸಂಜೆ ತಡವಾದರೆ ತೆರಬೇಕಾದ ಹೆಚ್ಚುವರಿ ಹಣ, ಹೋಗಿಬರುವ ಆಟೋರಿಕ್ಷಾ ಖರ್ಚು ಇವೆಲ್ಲವನ್ನೂ ಕೂಡಿಸಬೇಕು. ಮಗು ರಜೆಯಲ್ಲಿದ್ದಾಗಲೂ ಶುಲ್ಕ ಕೊಡಬೇಕೆ, ಕೇಂದ್ರ ಮುಚ್ಚಿರುವ ದಿನಗಳು ಎಷ್ಟು ಎಂಬುದನ್ನೂ ಮೊದಲೇ ತಿಳಿದುಕೊಳ್ಳಬೇಕು.

ಒಂದು ಕಾಲ್ಪನಿಕ ಉದಾಹರಣೆಯಿಂದ ಲೆಕ್ಕದ ರೀತಿ ಸ್ಪಷ್ಟವಾಗುತ್ತದೆ. ಪುಣೆಯ ದಂಪತಿಗಳಲ್ಲಿ ಪತಿಯ ಸಂಬಳ 35,000 ರೂ., ಪತ್ನಿಯ ಸಂಬಳ 30,000 ರೂ. ಎಂದೂ ಶಿಶುಪಾಲನೆಗೆ ತಿಂಗಳಿಗೆ ಒಟ್ಟು 9,000 ರೂ. ತಗಲುವುದೆಂದೂ ಇಟ್ಟುಕೊಳ್ಳೋಣ. ಈ ಖರ್ಚನ್ನು ಪತ್ನಿಯ ಸಂಬಳದಿಂದ ಮಾತ್ರ ಕಳೆದರೆ ಅದು ಶೇಕಡಾ 30ರಷ್ಟಾಗುತ್ತದೆ. ‘ಇಷ್ಟಕ್ಕಾಗಿ ದುಡಿಯಬೇಕೆ?’ ಎಂಬ ಮಾತು ಮನೆಯಲ್ಲಿ ಹುಟ್ಟುವುದು ಆಗಲೇ. ಆದರೆ ಮಗು ಇಬ್ಬರದೂ ಆಗಿರುವುದರಿಂದ ಖರ್ಚನ್ನು ಇಬ್ಬರ 65,000 ರೂ. ಆದಾಯಕ್ಕೆ ಹೋಲಿಸುವುದೇ ಸರಿಯಾದ ಕ್ರಮ. ಆಗ ಅದು ಶೇಕಡಾ 14ಕ್ಕಿಂತ ಕಡಿಮೆ.

ಇದಲ್ಲದೆ ಶಿಶುಪಾಲನೆಯ ಖರ್ಚು ಕೆಲವೇ ವರ್ಷಗಳದು, ಉದ್ಯೋಗ ಬಿಟ್ಟದ್ದರ ನಷ್ಟ ಬಹುಕಾಲದ್ದು. ರಾಜೀನಾಮೆ ಕೊಟ್ಟಾಗ ಸಂಬಳದೊಡನೆ ಭವಿಷ್ಯ ನಿಧಿಗೆ ಉದ್ಯೋಗದಾತರು ಸೇರಿಸುತ್ತಿದ್ದ ವಂತಿಗೆಯೂ ನಿಲ್ಲುತ್ತದೆ. ಹಿರಿತನ ಹೋಗುತ್ತದೆ. ನೌಕರರ ಪಿಂಚಣಿ ಯೋಜನೆಯಲ್ಲಿ ಮಾಸಿಕ ಪಿಂಚಣಿಗೆ ಅರ್ಹರಾಗಲು ಹತ್ತು ವರ್ಷಗಳ ಸೇವೆ ಬೇಕಾಗಿರುವುದರಿಂದ, ಏಳು ಎಂಟು ವರ್ಷಕ್ಕೆ ಕೆಲಸ ಬಿಟ್ಟು ಮತ್ತೆ ಸೇರದವರು ಅದರಿಂದ ವಂಚಿತರಾಗುತ್ತಾರೆ. ಮಗುವಿನೊಡನೆ ಮನೆಯಲ್ಲಿಯೇ ಇರಬೇಕೆಂದು ತಾಯಿ ತಾನಾಗಿ ಬಯಸಿದರೆ ಅದು ಆಕೆಯ ಹಕ್ಕು. ಆದರೆ ತಪ್ಪು ಲೆಕ್ಕದ ಕಾರಣದಿಂದ ಆ ತೀರ್ಮಾನ ಆಗಬಾರದು.

ವೆಚ್ಚಕ್ಕೆ ಸಿದ್ಧವಾಗಲು ಸರಳವಾದ ಒಂದು ಉಪಾಯವಿದೆ. ಗರ್ಭ ನಿಂತ ವಿಷಯ ತಿಳಿದ ಮರುತಿಂಗಳಿನಿಂದಲೇ ಶಿಶುಪಾಲನೆಗೆ ಬೇಕಾಗುವಷ್ಟು ಹಣವನ್ನು, ಅದಾಗದಿದ್ದರೆ ಅದರ ಅರ್ಧವನ್ನಾದರೂ, ಬ್ಯಾಂಕಿನ ಆವರ್ತಕ ಠೇವಣಿಯಲ್ಲಿ ಕಟ್ಟುತ್ತ ಬರಬೇಕು. ಇದರಿಂದ ನೋಂದಣಿ ಮತ್ತು ಠೇವಣಿಯ ಮೊದಲ ಹೊರೆಗೆ ಹಣ ಕೂಡಿರುತ್ತದೆ. ಉಳಿದ ಹಣದಲ್ಲಿ ಸಂಸಾರ ತೂಗಿಸುವ ಅಭ್ಯಾಸವೂ ಮುಂಚಿತವಾಗಿಯೇ ಆಗುತ್ತದೆ.

ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯ ಮೇರೆಗೆ ಅರ್ಹ ತಾಯಂದಿರಿಗೆ ಮೊದಲ ಮಗುವಿಗೆ 5,000 ರೂ., ಎರಡನೆಯದು ಹೆಣ್ಣುಮಗುವಾದರೆ 6,000 ರೂ. ನೆರವು ದೊರೆಯುತ್ತದೆ. ಸರ್ಕಾರಿ ಮತ್ತು ಸಾರ್ವಜನಿಕ ಉದ್ಯಮಗಳ ಕಾಯಂ ನೌಕರರಿಗೆ ಇದು ಅನ್ವಯಿಸದು. ಮಗು ಪ್ಲೇಸ್ಕೂಲ್ ಅಥವಾ ನರ್ಸರಿಗೆ ಸೇರಿದ ಮೇಲೆ, ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡ ಪಾಲಕರು ಇಬ್ಬರು ಮಕ್ಕಳ ಬೋಧನಾ ಶುಲ್ಕಕ್ಕೆ 1.5 ಲಕ್ಷ ರೂ.ಗಳ ಒಟ್ಟು ಮಿತಿಯೊಳಗೆ ಆದಾಯ ತೆರಿಗೆಯಲ್ಲಿ ಕಡಿತ ಕೋರಬಹುದು. ದೇಣಿಗೆ, ಅಭಿವೃದ್ಧಿ ಶುಲ್ಕಗಳು ಇದರಲ್ಲಿ ಸೇರುವುದಿಲ್ಲ. ಆದುದರಿಂದ ರಸೀದಿಯಲ್ಲಿ ಬೋಧನಾ ಶುಲ್ಕವನ್ನು ಪ್ರತ್ಯೇಕವಾಗಿ ಬರೆಸಿಕೊಳ್ಳಬೇಕು.

ಕೇಂದ್ರದ ಆಯ್ಕೆ

ಗೋಡೆಯ ಬಣ್ಣ ಮತ್ತು ಆಟಿಕೆಗಳಿಗಿಂತ ಮಕ್ಕಳನ್ನು ನೋಡಿಕೊಳ್ಳುವವರ ಸಂಖ್ಯೆ ಮುಖ್ಯ. 2018ರಲ್ಲಿ ಪ್ರಕಟವಾದ ರಾಷ್ಟ್ರೀಯ ಕನಿಷ್ಠ ಮಾರ್ಗಸೂಚಿಗಳ ಪ್ರಕಾರ ಮೂರು ವರ್ಷದೊಳಗಿನ 10 ಮಕ್ಕಳಿಗೆ ಒಬ್ಬ ಕಾರ್ಯಕರ್ತೆ ಮತ್ತು ಒಬ್ಬ ಸಹಾಯಕಿ ಇರಬೇಕು. ಮೂರರಿಂದ ಆರು ವರ್ಷದ ಮಕ್ಕಳಾದರೆ 20 ಮಂದಿಗೆ ಅಷ್ಟೇ ಸಿಬ್ಬಂದಿ ಇರಬಹುದು. ಬೆಳಗಿನ ವೇಳೆ ಎಲ್ಲ ಕೇಂದ್ರಗಳೂ ಅಚ್ಚುಕಟ್ಟಾಗಿರುತ್ತವೆ. ಆದ್ದರಿಂದ ಮಧ್ಯಾಹ್ನ ಊಟ ಮತ್ತು ನಿದ್ರೆಯ ಹೊತ್ತಿಗೆ, ಮೊದಲೇ ತಿಳಿಸದೆ ಹೋಗಿ ನೋಡಬೇಕು. ಅಳುವ ಮಗುವನ್ನು ಎತ್ತಿಕೊಳ್ಳುವವರಿದ್ದಾರೆಯೇ, ಕುಡಿಯುವ ನೀರು ಮತ್ತು ಶೌಚಾಲಯ ಶುಚಿಯಾಗಿವೆಯೇ, ಬಾಗಿಲು ಹಾಗೂ ವಿದ್ಯುತ್ ಬಿಂದುಗಳು ಮಕ್ಕಳ ಕೈಗೆ ಸಿಗದಂತಿವೆಯೇ, ಮಗುವನ್ನು ಕರೆದೊಯ್ಯಲು ಬರುವವರ ಗುರುತನ್ನು ವಿಚಾರಿಸುತ್ತಾರೆಯೇ ಎಂಬುದನ್ನು ಗಮನಿಸಬೇಕು. ಪಾಲಕರು ಒಳಗೆ ಬರುವುದನ್ನು ನಿರಾಕರಿಸುವ ಕೇಂದ್ರವನ್ನು ಆರಿಸಿಕೊಳ್ಳದಿರುವುದೇ ಲೇಸು.

ಮಗುವಿನ ಸಿದ್ಧತೆ

ರಾಷ್ಟ್ರೀಯ ವೇಳಾಪಟ್ಟಿಯಂತೆ 6, 10 ಮತ್ತು 14ನೆಯ ವಾರದ ಲಸಿಕೆಗಳು ಕೇಂದ್ರಕ್ಕೆ ಸೇರುವ ಮುನ್ನವೇ ಮುಗಿದಿರಬೇಕು. 9 ತಿಂಗಳು ತುಂಬಿದಾಗ ದಡಾರ ಮತ್ತು ರುಬೆಲ್ಲಾ ಲಸಿಕೆ ಹಾಕಿಸುವುದನ್ನು ಮರೆಯಬಾರದು. ತಾಯಿ ತನ್ನ ಹಾಲನ್ನು ಹಿಂಡಿ ಸ್ವಚ್ಛವಾದ ಮುಚ್ಚಳದ ಪಾತ್ರೆಯಲ್ಲಿ ಫ್ರಿಜ್ಜಿನಲ್ಲಿಟ್ಟು, ಒಂದು ದಿನದೊಳಗೆ ಮಗುವಿಗೆ ಕುಡಿಸಲು ಕೊಡಬಹುದು. ಫ್ರಿಜ್ಜಿನ ಹೊರಗೆ ಅದನ್ನು ನಾಲ್ಕು ಗಂಟೆಗಿಂತ ಹೆಚ್ಚು ಇಡಬಾರದು, ಬೇಸಗೆಯಲ್ಲಿ ಅಷ್ಟು ಹೊತ್ತೂ ಇಡದಿರುವುದು ಒಳಿತು. ಲೋಟ ಮತ್ತು ಚಮಚದಲ್ಲಿ ಕುಡಿಯುವ ಅಭ್ಯಾಸವನ್ನು ರಜೆ ಮುಗಿಯುವುದಕ್ಕೆ ಎರಡು ಮೂರು ವಾರಗಳ ಮೊದಲೇ ಮಾಡಿಸಬೇಕು.

ಎಂಟು ಒಂಬತ್ತು ತಿಂಗಳ ವಯಸ್ಸಿನಲ್ಲಿ ಮಕ್ಕಳು ಅಪರಿಚಿತರನ್ನು ಕಂಡು ಅಳುವುದು ಸಹಜ. ಮೊದಲ ದಿನವೇ ಎಂಟು ಗಂಟೆ ಬಿಟ್ಟುಹೋಗುವ ಬದಲು, ಆರಂಭದ ಎರಡು ಮೂರು ದಿನ ತಾಯಿ ಅಥವಾ ತಂದೆ ಜೊತೆಯಲ್ಲಿ ಒಂದು ಗಂಟೆ ಕುಳಿತಿದ್ದು, ಅನಂತರ ಅರ್ಧ ಗಂಟೆ, ಒಂದು ಗಂಟೆ, ಅರ್ಧ ದಿನ ಎಂಬಂತೆ ಅಗಲಿಕೆಯನ್ನು ಹೆಚ್ಚಿಸಬೇಕು. ಮಗುವಿನ ಕಣ್ಣು ತಪ್ಪಿಸಿ ಹೊರಡಬಾರದು. ಹೇಳಿ ಹೋದವರು ಸಂಜೆ ಮರಳಿ ಬರುತ್ತಾರೆಂಬ ನಂಬಿಕೆ ಬೆಳೆದಂತೆ ಅಳು ತಾನಾಗಿ ಕಡಿಮೆಯಾಗುತ್ತದೆ. ಇದಕ್ಕೆ ಎರಡು ವಾರಗಳಾದರೂ ಬೇಕಾಗುವುದರಿಂದ, ಆ ಎರಡು ವಾರಗಳು ರಜೆಯ ಒಳಗೇ ಇರುವಂತೆ ನೋಡಿಕೊಳ್ಳಬೇಕು.

ಹೊರನಾಡಿನ ಕನ್ನಡ ಮಕ್ಕಳಿಗೆ ಇನ್ನೊಂದು ತೊಡಕಿದೆ. ಕೇಂದ್ರದ ಆಯಾ ಮರಾಠಿ, ತಮಿಳು, ತೆಲುಗು ಅಥವಾ ಹಿಂದಿ ಆಡುತ್ತಾಳೆ. ಮಗು ‘ಮಮ್ಮು’ ಎಂದರೆ ಊಟ, ‘ಜೋಜೋ’ ಎಂದರೆ ನಿದ್ರೆ ಎಂದು ಆಕೆಗೆ ತಿಳಿಯದು. ಹಸಿವು, ನೀರಡಿಕೆ, ನಿದ್ರೆ, ಉಚ್ಚೆ, ನೋವು ಇವುಗಳಿಗೆ ಮನೆಯಲ್ಲಿ ಬಳಸುವ ಹತ್ತಾರು ಮಾತುಗಳನ್ನು ಆಕೆಯ ಭಾಷೆಯ ಲಿಪಿಯಲ್ಲಿ ಅರ್ಥಸಹಿತ ಬರೆದುಕೊಟ್ಟರೆ ಮಗುವಿನ ಅರ್ಧ ಅಳು ತಪ್ಪುತ್ತದೆ. ಮನೆಯಲ್ಲಿ ಕನ್ನಡವನ್ನು ಕೈಬಿಡುವ ಅಗತ್ಯವಿಲ್ಲ. ಎಳೆಯ ಮಕ್ಕಳು ಎರಡು ಭಾಷೆಗಳನ್ನು ಒಟ್ಟಿಗೆ ಕಲಿಯಬಲ್ಲರು.

ಕೇಂದ್ರಕ್ಕೆ ಸೇರಿದ ಮೊದಲ ತಿಂಗಳುಗಳಲ್ಲಿ ನೆಗಡಿ, ಜ್ವರ, ಭೇದಿ ಆಗಾಗ ಕಾಣಿಸಿಕೊಳ್ಳುವುದುಂಟು. ಅಂಥ ದಿನ ಮಗುವನ್ನು ಕೇಂದ್ರಕ್ಕೆ ಕಳುಹಿಸಬಾರದು. ಆ ದಿನ ಯಾರು ರಜೆ ಹಾಕಬೇಕೆಂಬುದನ್ನು ತಂದೆ ತಾಯಿ ಇಬ್ಬರೂ ಮುಂಚೆಯೇ ಮಾತನಾಡಿ ಸರದಿ ಗೊತ್ತುಮಾಡಿಕೊಳ್ಳಬೇಕು. ಖರ್ಚಿನಂತೆ ರಜೆಯೂ ಇಬ್ಬರ ಪಾಲಿನದಾದಾಗ ತಾಯಿಯ ಉದ್ಯೋಗ ಉಳಿಯುತ್ತದೆ, ಮಗುವಿನ ಪಾಲನೆಯೂ ಸುಸೂತ್ರವಾಗಿ ಸಾಗುತ್ತದೆ.