ಕಾಡಿನ ಬೆಂಕಿ ಮನೆಗೆ ಬಾರದಿರಲು: ಮನೆ ಕಟ್ಟುವ ನಿಯಮಗಳು



'ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು' ಅನ್ನುವ ಗಾದೆ ನಮಗೆಲ್ಲ ಗೊತ್ತು. ಕಾಡಂಚಿನ ಊರುಗಳಲ್ಲಿ ಬೇಸಿಗೆ ಬಂತೆಂದರೆ ಇದು ಬರೀ ಗಾದೆಯಲ್ಲ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡಿಗೆ ಬಿದ್ದ ಬೆಂಕಿ ಸಾವಿರಾರು ಎಕರೆ ಸುಟ್ಟಿತು. ಆರಿಸಲು ವಾಯುಪಡೆಯ ಹೆಲಿಕಾಪ್ಟರುಗಳು ಬಂದು ನೀರು ಸುರಿಯಬೇಕಾಯಿತು.

ಕಾಡಿನ ಬೆಂಕಿ ಅಂದ್ರೆ ಅರಣ್ಯ ಇಲಾಖೆಯವರ ಕೆಲಸ ಅಂತ ನಾವು ಸುಮ್ಮನಿದ್ದು ಬಿಡುತ್ತೇವೆ. ಆದರೆ ಕಾಡಿನ ಪಕ್ಕದ ಮನೆಯನ್ನು ಎಲ್ಲಿ ಕಟ್ಟಬೇಕು, ಹೇಗೆ ಕಟ್ಟಬೇಕು, ಅಂಗಳ ಹೇಗಿರಬೇಕು ಎಂಬುದಕ್ಕೆ ಕೆಲವು ದೇಶಗಳಲ್ಲಿ ಸರ್ಕಾರದ ನಿಯಮಗಳೇ ಇವೆ. ಆಸ್ಟ್ರೇಲಿಯಾ ದೇಶದ ವಿಕ್ಟೋರಿಯಾ ರಾಜ್ಯದವರು ಬಹಳ ನೋವು ತಿಂದು ಇಂಥ ನಿಯಮಗಳನ್ನು ಬಿಗಿ ಮಾಡಿದರು. ಅದನ್ನು ಈ ಬಾರಿ ತಿಳಿಯೋಣ.

ಕಪ್ಪು ಶನಿವಾರ

ಆಸ್ಟ್ರೇಲಿಯಾದಲ್ಲಿ ಫೆಬ್ರವರಿ ಎಂದರೆ ಕಡು ಬೇಸಿಗೆ. 2009ರ ಫೆಬ್ರವರಿ 7ರ ಶನಿವಾರ ವಿಕ್ಟೋರಿಯಾದ ರಾಜಧಾನಿ ಮೆಲ್ಬರ್ನ್‌ನಲ್ಲಿ 46.4 ಡಿಗ್ರಿ ತಾಪವಿತ್ತು. ಜೊತೆಗೆ ಬಿರುಗಾಳಿ. ಅಂದು ಹಲವು ಕಡೆ ಎದ್ದ ಕಾಡ್ಗಿಚ್ಚಿಗೆ 173 ಜನ ಬಲಿಯಾದರು. 2,000ಕ್ಕೂ ಹೆಚ್ಚು ಮನೆಗಳು ಬೂದಿಯಾದವು. ಮೇರಿಸ್‌ವಿಲ್ ಎಂಬ ಸಣ್ಣ ಪಟ್ಟಣ ಹೆಚ್ಚುಕಡಿಮೆ ಪೂರ್ತಿ ಸುಟ್ಟುಹೋಯಿತು. ಸತ್ತವರಲ್ಲಿ 113 ಜನ ಮನೆಗಳ ಒಳಗೇ ಸತ್ತಿದ್ದರು.

ಸರ್ಕಾರ ವಿಚಾರಣಾ ಆಯೋಗ ನೇಮಿಸಿತು. ಆಯೋಗವು 2010ರ ಜುಲೈಯಲ್ಲಿ 67 ಶಿಫಾರಸುಗಳನ್ನು ಕೊಟ್ಟಿತು. ಎಚ್ಚರಿಕೆ ಕೊಡುವ ಕ್ರಮ, ವಿದ್ಯುತ್ ತಂತಿಗಳ ಸುರಕ್ಷತೆ ಇವುಗಳ ಜೊತೆಗೆ ಊರಿನ ಯೋಜನೆ, ಮನೆ ಕಟ್ಟುವ ರೀತಿಯೂ ಅದರಲ್ಲಿ ಸೇರಿದ್ದವು.

ಮನೆಗೆ ಬೆಂಕಿ ಹತ್ತುವುದು ಹೇಗೆ?

ದೊಡ್ಡ ಜ್ವಾಲೆ ಬಂದು ಮನೆಯನ್ನು ನುಂಗುತ್ತದೆ ಅಂತ ನಾವು ತಿಳಿದಿರುತ್ತೇವೆ. ಹಾಗೆ ಆಗುವುದೂ ಉಂಟು. ಆದರೆ ಹೆಚ್ಚಿನ ಮನೆಗಳು ಸುಡುವುದು ಗಾಳಿಯಲ್ಲಿ ಹಾರಿ ಬರುವ ಕಿಡಿ ಮತ್ತು ಕೆಂಡಗಳಿಂದ. ಬೆಂಕಿ ಇನ್ನೂ ದೂರ ಇರುವಾಗಲೇ ಕಿಡಿ ಬಂದು ಸೂರಿನ ಸಂದಿಯಲ್ಲೋ, ಮಾಡಿನ ಮೇಲಿನ ತರಗೆಲೆಯಲ್ಲೋ ಕೂರುತ್ತದೆ. ಬೆಂಕಿ ಮುಂದೆ ಹೋದ ಮೇಲೂ ಅಲ್ಲೇ ಹೊಗೆಯಾಡಿ ಆಮೇಲೆ ಹೊತ್ತಿಕೊಳ್ಳುತ್ತದೆ. ಎರಡನೆಯದು ಶಾಖ. ಒಲೆಯ ಮುಂದೆ ಕೂತರೆ ಮುಖಕ್ಕೆ ಝಳ ಹೊಡೆಯುತ್ತದಲ್ಲ, ಅದೇ ಝಳ ಬಹಳ ಹೆಚ್ಚಾದರೆ ಕಿಟಕಿ ಗಾಜು ಒಡೆದು ಕಿಡಿಗೆ ದಾರಿಯಾಗುತ್ತದೆ.

ನಿಯಮಗಳು ಏನು ಹೇಳುತ್ತವೆ?

1. ಜಾಗ: ಬೆಂಕಿಯ ಅಪಾಯ ಇರುವ ಪ್ರದೇಶಗಳನ್ನು ಸರ್ಕಾರ ನಕ್ಷೆಯಲ್ಲಿ ಗುರುತು ಮಾಡಿದೆ. ಹೆಚ್ಚು ಅಪಾಯದ ಕಡೆ ಮನೆ ಕಟ್ಟಬೇಕಾದರೆ ಸುತ್ತ ಖಾಲಿ ಜಾಗ, ಬೆಂಕಿ ಆರಿಸಲು ನೀರು, ಅಗ್ನಿಶಾಮಕ ವಾಹನ ಬರುವಷ್ಟು ದಾರಿ ಇದೆಯೆಂದು ತೋರಿಸಬೇಕು. ತೀರಾ ಅಪಾಯದ ಜಾಗದಲ್ಲಿ ಮನೆ ಕಳೆದುಕೊಂಡು, ಮಾರಲು ಒಪ್ಪಿದ ಕೆಲವರ ಜಮೀನನ್ನು ಸರ್ಕಾರವೇ ಕೊಂಡುಕೊಂಡಿತು.

2. ಅಪಾಯದ ಅಳತೆ: ಪಕ್ಕದಲ್ಲಿ ಎಂಥ ಕಾಡಿದೆ, ಎಷ್ಟು ದೂರ ಇದೆ, ಜಾಗ ಎಷ್ಟು ಇಳಿಜಾರು ಎಂದು ನೋಡಿ ಮನೆಯ ಜಾಗವನ್ನು 6 ದರ್ಜೆಗಳಲ್ಲಿ ಒಂದಕ್ಕೆ ಸೇರಿಸುತ್ತಾರೆ. ಬೆಂಕಿ ಗುಡ್ಡ ಹತ್ತುವಾಗ ವೇಗ ಹೆಚ್ಚು. ಅದಕ್ಕೇ ಇಳಿಜಾರಿನ ಲೆಕ್ಕ.

3. ಕಟ್ಟಡ: ದರ್ಜೆ ಏರಿದಂತೆ ನಿಯಮವೂ ಬಿಗಿ. ಗಾಳಿಕಿಂಡಿಗೆ 2 ಮಿಲಿಮೀಟರಿಗಿಂತ ದೊಡ್ಡ ತೂತಿಲ್ಲದ ಲೋಹದ ಜಾಲರಿ ಹಾಕಬೇಕು. ಮಾಡು ಗೋಡೆ ಕೂಡುವಲ್ಲಿ ಸಂದಿ ಇರಬಾರದು. ಹೆಚ್ಚು ಅಪಾಯ ಇದ್ದರೆ ಗಟ್ಟಿ ಗಾಜು, ಬೆಂಕಿ ಹಿಡಿಯದ ಗೋಡೆ ಬೇಕು.

4. ಅಂಗಳ: ಬೆಂಕಿ ಅಪಾಯದ ಪ್ರದೇಶದ ಹಳೆಯ ಮನೆಗಳವರು ಮನೆಯಿಂದ 10 ಮೀಟರಿನೊಳಗಿನ ಗಿಡಮರಗಳನ್ನು, 30 ಮೀಟರಿನೊಳಗೆ ಮರ ಬಿಟ್ಟು ಉಳಿದ ಪೊದೆಗಳನ್ನು ಪ್ರತ್ಯೇಕ ಪರವಾನಗಿ ಇಲ್ಲದೆ ತೆಗೆಯಬಹುದು.

ಇದರಿಂದ ಉಪಯೋಗ ಆಯಿತೇ?

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲೂ 2008ರಿಂದ ಇಂಥ ಕಟ್ಟಡ ನಿಯಮ ಜಾರಿಯಲ್ಲಿದೆ. 2018ರ ನವೆಂಬರಿನಲ್ಲಿ ಅಲ್ಲಿನ ಪ್ಯಾರಡೈಸ್ ಪಟ್ಟಣ ಸುಟ್ಟಾಗ 85 ಜನ ಸತ್ತರು. ಆಮೇಲೆ ಪತ್ರಿಕೆಯವರು ಲೆಕ್ಕ ಹಾಕಿದಾಗ, 2008ರ ನಂತರ ಕಟ್ಟಿದ ಮನೆಗಳಲ್ಲಿ ಸುಮಾರು ಅರ್ಧದಷ್ಟು ಹಾನಿಯಿಲ್ಲದೆ ಉಳಿದಿದ್ದವು. ಹಳೆಯ ಮನೆಗಳಲ್ಲಿ ಉಳಿದದ್ದು ನೂರಕ್ಕೆ 18 ಮಾತ್ರ.

ಇದರಲ್ಲಿ ಇನ್ನೊಂದು ಮಾತೂ ಇದೆ. ಕಟ್ಟಡದ ನಿಯಮ ಮುಖ್ಯವಾಗಿ ಹೊಸ ಮನೆಗಳಿಗೆ. ಬಡವರು ಇರುವುದು ಹೆಚ್ಚಾಗಿ ಹಳೆಯ ಮನೆಗಳಲ್ಲಿ, ಅದನ್ನು ರಿಪೇರಿ ಮಾಡಿಸಲು ಕೈಯಲ್ಲಿ ದುಡ್ಡಿಲ್ಲ. ಹಾಗೆಯೇ ಒಬ್ಬಳು ಅಂಗಳ ಗುಡಿಸಿ ಪಕ್ಕದವಳು ಬಿಟ್ಟರೆ ಕಿಡಿಗೆ ಅಷ್ಟು ಸಾಕು. ಆದ್ದರಿಂದ ಇದು ಒಂದು ಮನೆಯ ಕೆಲಸ ಅಲ್ಲ, ಊರಿನ ಕೆಲಸ. ಸಂಘ ಇರುವುದೇ ಇಂಥದ್ದಕ್ಕೆ.

ನಮ್ಮ ಊರಲ್ಲಿ ನಾವು ಏನು ಮಾಡಬಹುದು?

ನಮ್ಮ ಕಾಡು ಬೇರೆ, ಮನೆ ಬೇರೆ. ಆದರೂ ಕಿಡಿಯ ಗುಣ ಎಲ್ಲ ಕಡೆಯೂ ಒಂದೇ. ಖರ್ಚಿಲ್ಲದ ಕೆಲಸಗಳು ಇವು:

• ಜನವರಿಯೊಳಗೆ ಹೆಂಚಿನ ಮೇಲಿನ, ಸೂರಿನ ಸಂದಿಯ ತರಗೆಲೆ ತೆಗೆಯಿರಿ.
• ಹುಲ್ಲಿನ ಬಣವೆ, ಸೌದೆ, ಒಣ ತೆಂಗಿನ ಗರಿ ಗೋಡೆಗೆ ತಾಗಿಕೊಂಡು ಇರುವುದು ಬೇಡ. ಮನೆ, ಕೊಟ್ಟಿಗೆ ಎರಡರಿಂದಲೂ ದೂರ ಇಡಿ.
• ಕಾಡಿನ ಕಡೆಯ ಬೇಲಿಯ ಪಕ್ಕ ಒಣಹುಲ್ಲು ಕೆತ್ತಿ ತೆಗೆಯಿರಿ. ಅರಣ್ಯ ಇಲಾಖೆಯವರು ಬೇಸಿಗೆಗೆ ಮೊದಲು ಬೆಂಕಿರೇಖೆ ಮಾಡುವುದೂ ಇದೇ ಲೆಕ್ಕದಲ್ಲಿ. ಅರಣ್ಯ ಜಾಗದಲ್ಲಿ ಏನಾದರೂ ಮಾಡುವ ಮೊದಲು ಅವರನ್ನು ಕೇಳಿ.
• ಗಾಳಿ ಇರುವಾಗ ಕಸಕ್ಕೆ, ಗದ್ದೆಯ ಕೂಳೆಗೆ ಬೆಂಕಿ ಹಾಕಬೇಡಿ.
• ಹೊಸ ಮನೆ ಕಟ್ಟುವುದಿದ್ದರೆ ವಾಹನ ಬರುವ ದಾರಿ, ನೀರು ಎರಡನ್ನೂ ಮೊದಲೇ ಯೋಚಿಸಿ.
• ಬೆಂಕಿ ಹತ್ತಿರ ಬರುವಂತಿದ್ದರೆ ಸಾಮಾನಿಗಾಗಿ ಕಾಯಬೇಡಿ. ಮಕ್ಕಳು, ಮುದುಕರು, ಬಸುರಿಯರು ಮೊದಲು ಹೊರಡಲಿ. ಆ 113 ಜನರ ಸಾವಿನಿಂದ ವಿಕ್ಟೋರಿಯಾದವರು ಕಲಿತ ಮುಖ್ಯ ಪಾಠ ಬೇಗ ಹೊರಡುವುದು.
• 101 ಅಥವಾ 112ಕ್ಕೆ ಫೋನ್ ಮಾಡಿ. ಈ ನಂಬರುಗಳು ಮನೆಯ ಗೋಡೆಯ ಮೇಲೆ ಕಾಣುವಂತಿರಲಿ.

2015ರಲ್ಲಿ 'ಲೌದಾತೊ ಸಿ' ಎಂಬ ಪತ್ರದಲ್ಲಿ ಪೋಪ್ ಫ್ರಾನ್ಸಿಸರು ಈ ಭೂಮಿಯನ್ನು ನಮ್ಮೆಲ್ಲರ ಮನೆ ಎಂದು ಕರೆದರು. ಕಾಡೂ ಆ ಮನೆಯೇ, ನಮ್ಮ ಹೆಂಚಿನ ಮನೆಯೂ ಆ ಮನೆಯೇ. ಎರಡನ್ನೂ ಒಟ್ಟಿಗೆ ಕಾಪಾಡೋಣ.

ಮುಂದಿನ ಸಭೆಯಲ್ಲಿ ಚರ್ಚಿಸಿ:

1. ನಮ್ಮ ಊರಲ್ಲಿ ಕಾಡಿಗೆ ಅತಿ ಹತ್ತಿರ ಇರುವ ಮನೆಗಳು ಯಾರವು? ಅಲ್ಲಿ ಒಂಟಿ ಮುದುಕಿಯರು ಇದ್ದಾರೆಯೇ? ಅವರ ಮಾಡಿನ ತರಗೆಲೆ ತೆಗೆಸುವವರು ಯಾರು?
2. ಅಗ್ನಿಶಾಮಕ ವಾಹನ ನಮ್ಮ ಕೇರಿಯವರೆಗೆ ಬರಬಹುದೇ? ಬರದಿದ್ದರೆ ಗ್ರಾಮಸಭೆಯಲ್ಲಿ ಏನೆಂದು ಅರ್ಜಿ ಕೊಡೋಣ?